ಬೆವರಿಗೆ ಬೆಲೆ ಬಂತು, ಈಜುಕೊಳಕ್ಕೆ ಬೀಗ ಬಿತ್ತು

ಅಮೆರಿಕದ ಕಾಲೇಜು ಕ್ರೀಡೆಯ ಹೊಸ ಫಾಲ್ ಸೀಸನ್ ಆರಂಭ. ಕ್ರೀಡಾಪಟುಗಳಿಗೆ ಕಾಲೇಜೇ ಹಣ ಕೊಡುವ ಮೊದಲ ವರ್ಷ

ಆಗಸ್ಟ್ ತಿಂಗಳು ಬಂತೆಂದರೆ ಬಜ್ಪೆ ವಿಮಾನ ನಿಲ್ದಾಣದ ಹೊರಗೆ ಒಂದು ನೋಟ ಮಾಮೂಲಿ. ಎರಡು ದೊಡ್ಡ ಸೂಟ್‌ಕೇಸ್, ಬೆನ್ನಿಗೊಂದು ಬ್ಯಾಗ್, ಕಣ್ಣು ಒರೆಸಿಕೊಳ್ಳುವ ಉಮ್ಮ, ಪಾಸ್‌ಪೋರ್ಟ್ ತೆಗೆದುಕೊಂಡೆಯಾ ಅಂತ ಹತ್ತನೇ ಸಲ ಕೇಳುವ ಬಾಪ. ಎಲ್ಲಿಗೆ ಅಂತ ವಿಚಾರಿಸಿದರೆ, ‘ಅಮೆರಿಕಕ್ಕೆ, ಫಾಲ್‌ಗೆ ಸೀಟ್ ಆಗಿದೆ’ ಅನ್ನುತ್ತಾರೆ. ಫಾಲ್ ಎಂದರೆ ಎಲೆ ಉದುರುವ ಕಾಲ. ನಮ್ಮಲ್ಲಿ ಆಟಿ ಕಳೆದು ಸೋಣ ಹಿಡಿದು, ಮಳೆ ಸ್ವಲ್ಪ ಉಸಿರು ಬಿಡುವ ಹೊತ್ತಿಗೆ ಅಲ್ಲಿ ಕಾಲೇಜುಗಳ ಹೊಸ ವರ್ಷ ಶುರುವಾಗುತ್ತದೆ.

ಈ ಬಾರಿ ಹೊರಡುವವರ ಮನೆಯಲ್ಲಿ ಗಡಿಬಿಡಿ ಜಾಸ್ತಿಯೇ ಇತ್ತು. ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳಿಗೆ ದಿನ ಕೊಡುವುದನ್ನು ಅಮೆರಿಕ ಕೆಲವು ವಾರ ನಿಲ್ಲಿಸಿತ್ತು. ಅದನ್ನೆಲ್ಲ ದಾಟಿ ಹೋದ ನಮ್ಮ ಮಕ್ಕಳಿಗೆ ಕ್ಯಾಂಪಸ್‌ನಲ್ಲಿ ಮೊದಲು ಕಾಣುವುದು ಲೈಬ್ರರಿಯಲ್ಲ, ಲ್ಯಾಬ್ ಅಲ್ಲ. ಒಂದೇ ಬಣ್ಣದ ಅಂಗಿ ತೊಟ್ಟು ಬೀದಿ ತುಂಬ ನಡೆಯುವ ಜನ. ಮುದುಕರು, ಮಕ್ಕಳು, ತೊಟ್ಟಿಲ ಕೂಸುಗಳು ಕೂಡ ಅದೇ ಬಣ್ಣ. ಪಾರ್ಕಿಂಗ್ ಜಾಗದಲ್ಲೇ ಒಲೆ ಹೂಡಿ ಮಾಂಸ ಸುಡುವವರು, ಬ್ಯಾಂಡ್ ಬಾರಿಸುವವರು. ಮದುವೆ ಮನೆಯ ಗೌಜಿಯನ್ನು ನೂರು ಪಟ್ಟು ಮಾಡಿದರೆ ಎಷ್ಟೋ, ಅಷ್ಟು. ಅದು ಶನಿವಾರ. ಅದು ಕಾಲೇಜು ಫುಟ್ಬಾಲ್.

ಆ ಗೌಜಿ ಪ್ರತಿ ವರ್ಷದ್ದು. ಆದರೆ 2025ರ ಫಾಲ್ ಹಿಂದಿನ ಯಾವ ಫಾಲ್‌ನಂತೆಯೂ ಅಲ್ಲ. ಆಟವಾಡುವ ವಿದ್ಯಾರ್ಥಿಗೆ ಕಾಲೇಜೇ ನೇರವಾಗಿ ಹಣ ಕೊಡಬಹುದಾದ ಮೊದಲ ಫಾಲ್ ಸೀಸನ್ ಇದು. ನೂರು ವರ್ಷಕ್ಕೂ ಹೆಚ್ಚು ಕಾಲ ಯಾವುದನ್ನು ‘ಮಹಾಪರಾಧ’ ಎಂದು ಹೇಳಿಕೊಂಡು ಬಂದಿದ್ದರೋ ಅದು ಜುಲೈ 1ರಿಂದ ನಿಯಮವೇ ಆಗಿದೆ. ಇದರಿಂದ ಯಾರಿಗೆ ಲಾಭ, ಯಾರ ಹೊಟ್ಟೆಗೆ ಹೊಡೆತ ಎಂಬುದು ಈ ಬರಹದ ವಿಷಯ. ಅಲ್ಲಿಗೆ ಮಕ್ಕಳನ್ನು ಕಳುಹಿಸಿದವರೂ, ಕಳುಹಿಸಬೇಕೆಂದು ಇರುವವರೂ ತಿಳಿದಿರಬೇಕಾದ ಸಂಗತಿ.

ಫಾಲ್‌ನಲ್ಲಿ ಏನೇನು ಆಡುತ್ತಾರೆ?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಅವರು ಫುಟ್ಬಾಲ್ ಅನ್ನುವುದು ನಮ್ಮ ಕಾಲ್ಚೆಂಡು ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಕೆಡವುವ ಆಟ. ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪನೆಯ ಕವಚ ಬೇಕು. ನಮ್ಮ ಫುಟ್ಬಾಲನ್ನು ಅವರು ಸಾಕರ್ ಅನ್ನುತ್ತಾರೆ, ಅದೂ ಫಾಲ್ ಆಟವೇ. ಇದಲ್ಲದೆ ಮಹಿಳೆಯರ ವಾಲಿಬಾಲ್, ಮಹಿಳೆಯರ ಹಾಕಿ, ಪುರುಷರ ವಾಟರ್ ಪೋಲೊ, ಮತ್ತೆ ಗುಡ್ಡ, ಹುಲ್ಲು, ಕೆಸರಿನಲ್ಲಿ ಓಡುವ ಕ್ರಾಸ್ ಕಂಟ್ರಿ. ಇವೆಲ್ಲ ಆಗಸ್ಟ್ ಕೊನೆಗೆ ಶುರುವಾಗಿ ಚಳಿ ಬೀಳುವ ಹೊತ್ತಿಗೆ ಮುಗಿಯುತ್ತವೆ.

ಇದನ್ನೆಲ್ಲ ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಸುಮಾರು 1,100 ಕಾಲೇಜುಗಳು, 5 ಲಕ್ಷಕ್ಕೂ ಮೀರಿದ ಕ್ರೀಡಾಪಟುಗಳು ಇದರಡಿ ಬರುತ್ತಾರೆ. ಮೂರು ವಿಭಾಗ ಉಂಟು. ಮೊದಲ ಎರಡು ವಿಭಾಗಗಳಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇದೆ, ಮೂರನೆಯದರಲ್ಲಿ ಇಲ್ಲವೇ ಇಲ್ಲ. ಅಲ್ಲಿನ ಒಲಿಂಪಿಕ್ಸ್ ತಂಡದ ಹೆಚ್ಚಿನವರು ಈ ಕಾಲೇಜು ಮೈದಾನಗಳಲ್ಲೇ ತಯಾರಾದವರು. ನಮ್ಮಲ್ಲಿ ಸಾಯ್, ರೈಲ್ವೆ, ಸೇನೆ ಸೇರಿ ಮಾಡುವ ಕೆಲಸವನ್ನು ಅಲ್ಲಿ ಕಾಲೇಜುಗಳೇ ಮಾಡುತ್ತವೆ ಅಂದರೆ ತಪ್ಪಿಲ್ಲ.

ಜನ ಎಷ್ಟು ಸೇರುತ್ತಾರೆ ಅಂತ ಕೇಳಿದರೆ ನಂಬುವುದು ಕಷ್ಟ. ಮಿಷಿಗನ್ ವಿಶ್ವವಿದ್ಯಾನಿಲಯದ ಸ್ಟೇಡಿಯಂನಲ್ಲಿ 1,07,601 ಮಂದಿಗೆ ಜಾಗ ಇದೆ. ನೆನಪಿಡಿ, ಇದು ಒಂದು ಕಾಲೇಜಿನ ಮೈದಾನ. ಫುಟ್ಬಾಲ್ ಮಾತ್ರ ಅಂತಲೂ ತಿಳಿಯಬೇಡಿ. 2023ರ ಆಗಸ್ಟ್ 30ರಂದು ನೆಬ್ರಾಸ್ಕಾದಲ್ಲಿ ಹೆಣ್ಣುಮಕ್ಕಳ ವಾಲಿಬಾಲ್ ಪಂದ್ಯವನ್ನು ಫುಟ್ಬಾಲ್ ಮೈದಾನಕ್ಕೇ ತಂದರು. ನೋಡಲು ಬಂದವರು 92,003 ಮಂದಿ. ಮಹಿಳೆಯರ ಆಟವೊಂದಕ್ಕೆ ಜಗತ್ತಿನಲ್ಲೇ ಅಷ್ಟು ಜನ ಸೇರಿದ್ದು ದಾಖಲೆ ಎಂದು ಅಂದೇ ಸಾರಿದರು.

ಈ ವರ್ಷದ ಫುಟ್ಬಾಲ್ ಸೀಸನ್ನಿನ ಗಮನ ಸೆಳೆದ ಮೊದಲ ಪಂದ್ಯ ನಡೆದದ್ದು ಅಮೆರಿಕದಲ್ಲೂ ಅಲ್ಲ. ಆಗಸ್ಟ್ 23ರಂದು ಅಯೋವಾ ಸ್ಟೇಟ್ ಮತ್ತು ಕನ್ಸಾಸ್ ಸ್ಟೇಟ್ ತಂಡಗಳು ಸಮುದ್ರ ದಾಟಿ ಐರ್ಲೆಂಡಿನ ಡಬ್ಲಿನ್‌ಗೆ ಹೋಗಿ ಆಡಿದವು. ಎರಡೂ ರೈತರ ನಾಡಿನ ಕಾಲೇಜುಗಳು, ಜೋಳ, ಗೋಧಿ ಬೆಳೆಯುವ ಊರಿನವು. ಅಯೋವಾ ಸ್ಟೇಟ್ 24-21ರಿಂದ ಗೆದ್ದಿತು. ಕಾಲೇಜು ಆಟ ಎಷ್ಟು ದೊಡ್ಡ ವ್ಯಾಪಾರವಾಗಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಒಂದು ಶಬ್ದದ ಹಿಂದಿನ ಕಥೆ

ಕಾಲೇಜುಗಳ ನಡುವಿನ ಮೊದಲ ಪಂದ್ಯ ಎಂದು ಲೆಕ್ಕಕ್ಕೆ ಬರುವುದು 1869ರ ನವೆಂಬರ್ 6ರದ್ದು. ನ್ಯೂಜೆರ್ಸಿಯ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ಕಡೆಗೆ 25 ಜನ, ರಟ್ಗರ್ಸ್‌ಗೆ 6-4ರ ಗೆಲುವು. ಆಗ ಅದು ಹುಡುಗರ ಆಟ, ಅಷ್ಟೆ. ವರ್ಷ ಕಳೆದಂತೆ ಆಟ ಒರಟಾಯಿತು. 1905ರಲ್ಲಿ ಈ ಆಟದಲ್ಲಿ ಹುಡುಗರು ಸತ್ತ ಸುದ್ದಿ ಒಂದರ ಮೇಲೊಂದು ಬಂದಾಗ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಅವರೇ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಮರುವರ್ಷ, 1906ರಲ್ಲಿ, ಇಂದು ಎನ್‌ಸಿಎಎ ಆಗಿರುವ ಸಂಸ್ಥೆ ಹುಟ್ಟಿತು. ಅಂದರೆ ಅದು ಹುಟ್ಟಿದ್ದೇ ಆಡುವವರ ಜೀವ ಕಾಪಾಡಬೇಕೆಂದು.

ಐವತ್ತು ವರ್ಷದ ಬಳಿಕ ಏನಾಯಿತು ನೋಡಿ. 1955ರಲ್ಲಿ ಕೊಲೊರಾಡೊದ ಫೋರ್ಟ್ ಲೂಯಿಸ್ ಎಂಬ ಸಣ್ಣ ಕಾಲೇಜಿನ ಪರ ಆಡುತ್ತಿದ್ದ ರೇ ಡೆನಿಸನ್ ಎಂಬವರು ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ಕೆಲಸ ಮಾಡುವಾಗ ಸತ್ತ ಕಾರ್ಮಿಕನ ಮನೆಗೆ ಸಿಗುವ ಪರಿಹಾರ ತನಗೂ ಸಿಗಬೇಕು ಎಂದು ಅವರ ಹೆಂಡತಿ ಕೇಳಿದರು. ಕಾಲೇಜು ಫುಟ್ಬಾಲ್ ವ್ಯಾಪಾರ ಮಾಡುತ್ತಿಲ್ಲ, ಆದ್ದರಿಂದ ಆತ ನೌಕರನಲ್ಲ ಎಂದು 1957ರಲ್ಲಿ ಕೊಲೊರಾಡೊದ ಸುಪ್ರೀಂ ಕೋರ್ಟ್ ಹೇಳಿತು. ಆ ವಿಧವೆಗೆ ಏನೂ ಸಿಗಲಿಲ್ಲ.

ಇಂತಹ ಬೇಡಿಕೆಗಳು ಮುಂದೆ ಬರಬಾರದು ಎಂದು ಎನ್‌ಸಿಎಎ ಆ ದಿನಗಳಲ್ಲಿ ಒಂದು ಶಬ್ದವನ್ನು ಊರಿಡೀ ಬಳಕೆಗೆ ತಂದಿತು: ‘ಸ್ಟೂಡೆಂಟ್ ಅಥ್ಲೀಟ್’. ಆಟಗಾರ ಅನ್ನಬಾರದು, ನೌಕರ ಅನ್ನಲೇಬಾರದು. ಕೇಳಲು ಎಷ್ಟು ಗೌರವದ ಮಾತು! ಆದರೆ ಅದರ ಹಿಂದೆ ಇದ್ದದ್ದು ಪರಿಹಾರದ ಭಯ. ಸಂಸ್ಥೆಯನ್ನು 1951ರಿಂದ 1987ರವರೆಗೆ ನಡೆಸಿದ ವಾಲ್ಟರ್ ಬೈಯರ್ಸ್ ಅವರೇ ನಿವೃತ್ತಿಯ ನಂತರ 1995ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ಒಪ್ಪಿಕೊಂಡರು, ತಾನೇ ಕಟ್ಟಿದ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿದರು.

ಅಂಗಿ ಮಾರಿದ್ದಕ್ಕೆ ಶಿಕ್ಷೆ

ಟಿವಿ ಬಂದ ಮೇಲೆ ಹಣದ ಹೊಳೆಯೇ ಹರಿಯಿತು. ಕಾಲೇಜಿಗೆ, ಕೋಚ್‌ಗೆ, ಟಿವಿ ಕಂಪೆನಿಗೆ, ಅಂಗಿ ಮಾರುವವನಿಗೆ ಎಲ್ಲರಿಗೂ ಪಾಲು. ಮೈದಾನದಲ್ಲಿ ಬೀಳುವವನಿಗೆ, ಏಳುವವನಿಗೆ ಮಾತ್ರ ಇಲ್ಲ. ಅವನಿಗೆ ಫೀಸು, ಊಟ, ವಸತಿ ಉಂಟಲ್ಲ, ಮತ್ತೇನು ಬೇಕು ಎಂಬುದು ವಾದ. ಆ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಅಮೆರಿಕದಲ್ಲಿ ಫೀಸು ಕಟ್ಟಿದವರಿಗೆ ಅದರ ಬಿಸಿ ಗೊತ್ತು. ಆದರೆ ಈ ಎರಡು ಘಟನೆ ನೋಡಿ.

2010ರಲ್ಲಿ ಜಾರ್ಜಿಯಾ ವಿಶ್ವವಿದ್ಯಾನಿಲಯದ ಆಟಗಾರ ಎ.ಜೆ. ಗ್ರೀನ್ ತನ್ನದೇ ಹಳೆಯ ಅಂಗಿಯನ್ನು 1,000 ಡಾಲರ್‌ಗೆ ಮಾರಿದರು. ನಾಲ್ಕು ಪಂದ್ಯ ಹೊರಗೆ ಕೂರಿಸಿದರು. ಅದೇ ಎಂಟನೇ ನಂಬರಿನ ಅಂಗಿಗಳು ಆಗ ಕಾಲೇಜಿನ ಅಂಗಡಿಯಲ್ಲಿ ಮಾರಾಟಕ್ಕಿದ್ದವು. 2014ರಲ್ಲಿ ಬಾಸ್ಕೆಟ್‌ಬಾಲ್ ರಾಷ್ಟ್ರೀಯ ಕಿರೀಟ ಗೆದ್ದ ಕನೆಕ್ಟಿಕಟ್ ತಂಡದ ಶಬಾಝ್ ನೇಪಿಯರ್, ಕೆಲವು ರಾತ್ರಿ ತಾನು ಹಸಿದೇ ಮಲಗುವುದುಂಟು ಎಂದು ಪತ್ರಕರ್ತರ ಮುಂದೆ ಹೇಳಿಬಿಟ್ಟರು. ದೇಶಕ್ಕೇ ನಾಚಿಕೆ ಆಯಿತು. ಕ್ರೀಡಾಪಟುಗಳಿಗೆ ಮಿತಿಯಿಲ್ಲದೆ ಊಟ ಕೊಡಬಹುದು ಎಂಬ ನಿಯಮ ಅದೇ ತಿಂಗಳು ಮಂಜೂರಾಯಿತು. ಅದಕ್ಕೂ ಒಬ್ಬ ಚಾಂಪಿಯನ್ ಬಾಯಿಬಿಟ್ಟು ಹೇಳಬೇಕಾಯಿತು ಮಾರಾಯ್ರೆ!

ಇನ್ನೊಂದು ಕಡೆ ಕೋಚ್‌ಗಳ ಲೆಕ್ಕ. 2023ರಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾನಿಲಯ ತನ್ನ ಫುಟ್ಬಾಲ್ ಕೋಚ್ ಜಿಂಬೊ ಫಿಶರ್ ಅವರನ್ನು ಕೆಲಸದಿಂದ ತೆಗೆಯಿತು. ಒಪ್ಪಂದದಂತೆ ಅವರಿಗೆ ಕೊಡಬೇಕಾಗಿ ಬಂದದ್ದು ಏಳೂವರೆ ಕೋಟಿ ಡಾಲರ್‌ಗೂ ಮೇಲೆ. ನಮ್ಮ ಲೆಕ್ಕದಲ್ಲಿ 600 ಕೋಟಿ ರೂಪಾಯಿ ದಾಟುತ್ತದೆ. ಇದು ಕೆಲಸ ಮಾಡಿದ್ದಕ್ಕೆ ಕೊಟ್ಟದ್ದಲ್ಲ, ಕೆಲಸ ಮಾಡಬೇಡ ಎಂದು ಹೇಳಿದ್ದಕ್ಕೆ!

ಒಬ್ಬ ಈಜುಗಾರನ ಹೆಸರಿನ ಕೇಸು

ಗೋಡೆ ಒಂದೇ ಸಲ ಬೀಳಲಿಲ್ಲ. ಯುಸಿಎಲ್‌ಎಯ ಮಾಜಿ ಬಾಸ್ಕೆಟ್‌ಬಾಲ್ ಆಟಗಾರ ಎಡ್ ಒಬ್ಯಾನನ್ ಒಂದು ವಿಡಿಯೊ ಗೇಮ್‌ನಲ್ಲಿ ತನ್ನದೇ ರೂಪ, ತನ್ನದೇ ನಂಬರಿನ ಆಟಗಾರನನ್ನು ಕಂಡು 2009ರಲ್ಲಿ ಕೋರ್ಟಿಗೆ ಹೋದರು. ಅವರ ಪರವಾಗಿ 2014ರಲ್ಲಿ ತೀರ್ಪು ಬಂತು. 2021ರ ಜೂನ್‌ನಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಅದೇ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಮಾಡಬಹುದು ಎಂದಾಯಿತು. ‘ಎನ್‌ಐಎಲ್’ ಎಂದು ಕರೆಯುವುದು ಇದನ್ನೇ. ನಿಂತುಹೋಗಿದ್ದ ಆ ಕಾಲೇಜು ಫುಟ್ಬಾಲ್ ವಿಡಿಯೊ ಗೇಮ್ 2024ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದ ಪ್ರತಿ ಆಟಗಾರನಿಗೂ 600 ಡಾಲರ್ ಮತ್ತು ಗೇಮ್‌ನ ಒಂದು ಪ್ರತಿ ಸಿಕ್ಕಿತು.

ಕೊನೆಯ ಹೊಡೆತ ಕೊಟ್ಟವರು ಒಬ್ಬ ಈಜುಗಾರ. ಹೆಸರು ಗ್ರಾಂಟ್ ಹೌಸ್, ಅರಿಝೋನಾ ಸ್ಟೇಟ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. 2020ರಲ್ಲಿ ಹೂಡಿದ ಮೊಕದ್ದಮೆಗೆ ಅವರದೇ ಹೆಸರು ಬಂತು. 2025ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಈ ಪ್ರಕರಣದ ರಾಜಿ ಒಪ್ಪಂದಕ್ಕೆ ಸಹಿ ಹಾಕಿದರು. ಒಬ್ಯಾನನ್ ಕೇಸಿನ ತೀರ್ಪು ಕೊಟ್ಟವರೂ ಇವರೇ.

ಒಪ್ಪಂದದಲ್ಲಿ ಏನುಂಟು? ಮುಖ್ಯವಾಗಿ ಮೂರು. ಒಂದು, 2016ರಿಂದ ಆಡಿದವರಿಗೆ ಹಿಂಬಾಕಿಯಾಗಿ ಸುಮಾರು 280 ಕೋಟಿ ಡಾಲರನ್ನು ಹತ್ತು ವರ್ಷದಲ್ಲಿ ಕೊಡಬೇಕು. ಎರಡು, ಒಪ್ಪಂದಕ್ಕೆ ಸೇರಿದ ಪ್ರತಿ ಕಾಲೇಜು 2025-26ರಲ್ಲಿ 2.05 ಕೋಟಿ ಡಾಲರ್‌ವರೆಗೆ, ಅಂದರೆ 170 ಕೋಟಿ ರೂಪಾಯಿಗೂ ಹೆಚ್ಚು, ತನ್ನ ಕ್ರೀಡಾಪಟುಗಳಿಗೆ ಹಂಚಬಹುದು. ಮೂರು, ಸ್ಕಾಲರ್‌ಶಿಪ್‌ಗೆ ಇದ್ದ ಮಿತಿ ಹೋಗಿ ತಂಡದ ಗಾತ್ರಕ್ಕೆ ಮಿತಿ ಬಂತು. ಫುಟ್ಬಾಲ್‌ನಲ್ಲಿ ಹಿಂದೆ 85 ಮಂದಿಗೆ ಸ್ಕಾಲರ್‌ಶಿಪ್ ಕೊಟ್ಟು, ಉಳಿದವರನ್ನು ಹಾಗೇ ತಂಡದಲ್ಲಿ ಇಟ್ಟುಕೊಳ್ಳಬಹುದಿತ್ತು. ಈಗ ಒಟ್ಟಿಗೆ 105 ಮಂದಿ ಮಾತ್ರ.

ಈ ಮೂರನೆಯದ್ದು ಓದಲು ಸಣ್ಣದು, ಅನುಭವಿಸುವವರಿಗೆ ದೊಡ್ಡದು. ಸ್ಕಾಲರ್‌ಶಿಪ್ ಇಲ್ಲದಿದ್ದರೂ ಪರವಾಗಿಲ್ಲ, ತಂಡದಲ್ಲಿ ಇದ್ದರೆ ಸಾಕು ಎಂದು ಬೆಳಗ್ಗೆ ಐದಕ್ಕೆ ಎದ್ದು ಅಭ್ಯಾಸಕ್ಕೆ ಬರುವ ಹುಡುಗರನ್ನು ಅಲ್ಲಿ ‘ವಾಕ್ ಆನ್’ ಅನ್ನುತ್ತಾರೆ. ಮಿತಿ ಬರುವ ಮೊದಲೇ ಇಂಥವರನ್ನು ಹಲವು ಕಾಲೇಜುಗಳು ಕೈಬಿಟ್ಟವು. ಕಳೆದ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ಒಪ್ಪಂದವನ್ನು ತಡೆಹಿಡಿದದ್ದು ಇದೇ ಕಾರಣಕ್ಕೆ. ಹಾಗೆ ಜಾಗ ಕಳೆದುಕೊಂಡವರನ್ನು ಮಿತಿಯ ಲೆಕ್ಕಕ್ಕೆ ಹಿಡಿಯದೆ ಮತ್ತೆ ಸೇರಿಸಿಕೊಳ್ಳಬಹುದು ಎಂದು ತಿದ್ದಿದ ಮೇಲೆಯೇ ಅವರು ಒಪ್ಪಿದ್ದು. ಆದರೆ ‘ಸೇರಿಸಿಕೊಳ್ಳಬಹುದು’ ಬೇರೆ, ‘ಸೇರಿಸಿಕೊಳ್ಳಬೇಕು’ ಬೇರೆ. ಅದು ಕಾಲೇಜಿನ ಮರ್ಜಿ.

ಗೆದ್ದವನ ಆಟಕ್ಕೇ ಕುತ್ತು

ಹಣ ಹಂಚುವುದು ಸರಿ, ಆದರೆ ಬರುವುದು ಎಲ್ಲಿಂದ? ಫುಟ್ಬಾಲ್ ಮತ್ತು ಪುರುಷರ ಬಾಸ್ಕೆಟ್‌ಬಾಲ್ ಹಣ ತರುವ ಆಟಗಳು. ಈಜು, ಟೆನಿಸ್, ಕುಸ್ತಿ, ಓಟ, ಜಿಮ್ನಾಸ್ಟಿಕ್ಸ್ ಇವೆಲ್ಲ ಆ ಹಣದಲ್ಲೇ ನಡೆಯುತ್ತಿದ್ದವು. ಒಂದೇ ಅಂಗಡಿಯ ದುಡಿಮೆಯಲ್ಲಿ ಎಂಟು ಮಕ್ಕಳ ಓದು ನಡೆದ ಹಾಗೆ. ಈಗ ದುಡಿಯುವ ಮಗ ನನ್ನ ಪಾಲು ಕೊಡಿ ಎಂದಿದ್ದಾನೆ. ಕೇಳಿದ್ದು ತಪ್ಪಲ್ಲ, ನ್ಯಾಯವೇ. ಆದರೆ ಕಿರಿಯರ ಫೀಸಿಗೆ ಕೊರತೆ ಬಿತ್ತು.

ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ವಿಶ್ವವಿದ್ಯಾನಿಲಯ ಕಳೆದ ಮಾರ್ಚ್‌ನಲ್ಲಿ ತನ್ನ ಈಜು ಮತ್ತು ಡೈವಿಂಗ್ ತಂಡಗಳನ್ನೇ ಮುಚ್ಚಿತು. ಕೊಟ್ಟ ಕಾರಣಗಳಲ್ಲಿ ಈ ರಾಜಿ ಒಪ್ಪಂದವೂ ಒಂದು. ಈಜುಗಾರನೊಬ್ಬ ಎಲ್ಲರಿಗಾಗಿ ಹೋರಾಡಿ ಗೆದ್ದ ಕೇಸು, ಬೇರೆ ಈಜುಗಾರರ ಕೊಳಕ್ಕೆ ಬೀಗ ಹಾಕಲು ನೆಪವಾಯಿತು. ಗ್ರಾಂಟ್ ಹೌಸ್ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಕೋಚ್‌ನನ್ನು ಮನೆಗೆ ಕಳುಹಿಸಲು ನೂರಾರು ಕೋಟಿ ಹುಡುಕುವವರಿಗೆ ಈಜುಕೊಳದ ಖರ್ಚು ಮಾತ್ರ ಭಾರ ಅನಿಸಿದರೆ ಅದು ಹಣದ ಕೊರತೆಯಲ್ಲ, ಮನಸ್ಸಿನ ಕೊರತೆ.

ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ ಇನ್ನೂ ದೊಡ್ಡದು. 1972ರಲ್ಲಿ ಬಂದ ‘ಟೈಟಲ್ ನೈನ್’ ಎಂಬ ಕಾಯ್ದೆಯಂತೆ, ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆಯಲ್ಲಿ ಹೆಣ್ಣು-ಗಂಡು ಎಂಬ ಭೇದ ಮಾಡುವಂತಿಲ್ಲ. ಅಲ್ಲಿ ಇಂದು ಹೆಣ್ಣುಮಕ್ಕಳ ಆಟ ಇಷ್ಟು ಬೆಳೆದಿದ್ದರೆ ಅದರ ಬೇರು ಈ ಕಾಯ್ದೆ. ಹೊಸ ಹಣದಲ್ಲಿ ದೊಡ್ಡ ಕಾಲೇಜುಗಳು ಸುಮಾರು ಮುಕ್ಕಾಲು ಪಾಲನ್ನು ಫುಟ್ಬಾಲಿಗೇ ಕೊಡುವ ಲೆಕ್ಕ ಹಾಕಿವೆ. ಹೆಣ್ಣುಮಕ್ಕಳ ತಂಡಗಳಿಗೆ ಉಳಿಯುವುದು ಚೂರುಪಾರು. ಈ ಹಣಕ್ಕೂ ಕಾಯ್ದೆ ಅನ್ವಯ ಆಗುತ್ತದೆ ಎಂದು ಬೈಡನ್ ಸರಕಾರ ಜನವರಿಯಲ್ಲಿ ಹೇಳಿತು. ಇಲ್ಲ ಎಂದು ಟ್ರಂಪ್ ಸರಕಾರ ಫೆಬ್ರವರಿಯಲ್ಲಿ ಅದನ್ನು ಹಿಂದೆಗೆದುಕೊಂಡಿತು. ಹಿಂಬಾಕಿ ಹಂಚಿಕೆ ಅನ್ಯಾಯ ಎಂದು ಎಂಟು ಮಂದಿ ಮಹಿಳಾ ಕ್ರೀಡಾಪಟುಗಳು ಮೇಲ್ಮನವಿ ಹಾಕಿದರು. ಅದರಿಂದಾಗಿ 2025ರಲ್ಲಿ ಹಿಂಬಾಕಿ ಪಾವತಿ ನಿಂತಿತು.

ಪೆಸಿಫಿಕ್ ದಡದಲ್ಲಿ ಅಟ್ಲಾಂಟಿಕ್ ಲೀಗ್

ಹಣದ ಹಿಂದೆ ಓಡುವಾಗ ಭೂಗೋಳವೂ ಮರೆತುಹೋಗುತ್ತದೆ. ಹಿಂದೆ ಹತ್ತಿರದ ಕಾಲೇಜುಗಳು ಸೇರಿ ಒಂದು ಲೀಗ್ ಕಟ್ಟಿಕೊಳ್ಳುತ್ತಿದ್ದವು, ಬಸ್ಸಲ್ಲಿ ಹೋಗಿ ಆಡಿ ರಾತ್ರಿ ಹಾಸ್ಟೆಲಿಗೆ ಬರಬಹುದಿತ್ತು. 2022ರಲ್ಲಿ ಬಿಗ್ ಟೆನ್ ಎಂಬ ಲೀಗ್ ಮೂರು ಟಿವಿ ಕಂಪೆನಿಗಳ ಜತೆ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮೀರಿದ ಒಪ್ಪಂದ ಮಾಡಿಕೊಂಡಿತು. ಪಶ್ಚಿಮ ಕರಾವಳಿಯ ಪ್ಯಾಕ್-12 ಲೀಗ್ ಒಡೆಯಿತು. ಅದರ ಹನ್ನೆರಡರಲ್ಲಿ ಹತ್ತು ಕಾಲೇಜುಗಳು 2024ಕ್ಕೆ ಬೇರೆ ಬೇರೆ ಲೀಗ್ ಸೇರಿಕೊಂಡವು. ಬಿಗ್ ‘ಟೆನ್’ ಲೀಗ್‌ನಲ್ಲಿ ಈಗ 18 ಕಾಲೇಜುಗಳಿವೆ. ಪೆಸಿಫಿಕ್ ಸಾಗರದ ಬದಿಯ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ‘ಅಟ್ಲಾಂಟಿಕ್ ಕೋಸ್ಟ್’ ಲೀಗ್‌ನಲ್ಲಿವೆ!

ನಗಲು ಚೆನ್ನಾಗಿದೆ, ಆದರೆ ಪರದಾಡುವವರು ಮಕ್ಕಳು. ಫುಟ್ಬಾಲ್ ತಂಡಕ್ಕೆ ವಾರಕ್ಕೆ ಒಂದೇ ಪಂದ್ಯ, ಅದೂ ಹೆಚ್ಚಾಗಿ ಶನಿವಾರ. ವಾಲಿಬಾಲ್, ಸಾಕರ್ ಆಡುವವರಿಗೆ ವಾರದ ನಡುವೆಯೂ ಪಂದ್ಯ ಬರುತ್ತದೆ. ಒಂದೇ ಲೀಗ್‌ನ ಲಾಸ್ ಏಂಜಲೀಸ್‌ಗೂ ನ್ಯೂಜೆರ್ಸಿಗೂ ಸುಮಾರು 4 ಸಾವಿರ ಕಿಲೋಮೀಟರ್. ಗಡಿಯಾರದಲ್ಲೇ ಮೂರು ಗಂಟೆ ವ್ಯತ್ಯಾಸ. ವಿಮಾನದಲ್ಲೇ ನಿದ್ದೆ, ವಿಮಾನದಲ್ಲೇ ಓದು. ಫುಟ್ಬಾಲಿಗಾಗಿ ಮಾಡಿದ ವ್ಯವಸ್ಥೆಯ ದಣಿವನ್ನು ಹೊರುವವರು ವಾಲಿಬಾಲ್ ಆಡುವ ಹುಡುಗಿಯರು.

ತಲೆವಸ್ತ್ರ ಮತ್ತು ಓಟದ ಗೆರೆ

ಫಾಲ್ ಆಟಗಳಲ್ಲಿ ಕಡಿಮೆ ಖರ್ಚಿನದ್ದು, ನೋಡಲು ಸರಳವಾದದ್ದು ಕ್ರಾಸ್ ಕಂಟ್ರಿ. ತಂಡದಿಂದ ಏಳು ಮಂದಿ ಓಡುತ್ತಾರೆ, ಮೊದಲು ಬಂದ ಐವರ ಸ್ಥಾನವನ್ನು ಕೂಡಿಸುತ್ತಾರೆ. ಕಡಿಮೆ ಅಂಕದ ತಂಡ ಗೆದ್ದಂತೆ. ಒಬ್ಬ ಮೊದಲಿಗನಾಗಿ ಬಂದರೆ ಸಾಲದು, ಐದನೆಯವನೂ ಬೆವರಿಳಿಸಬೇಕು. ಈ ಓಟದ ಶಾಲಾ ಹಂತದಲ್ಲಿ ನಡೆದ ಒಂದು ಘಟನೆ ನಮ್ಮ ಓದುಗರಿಗೆ ನಾಟುವಂಥದ್ದು.

2019ರ ಫಾಲ್‌ನಲ್ಲಿ ಒಹಾಯೊ ರಾಜ್ಯದ ಹೈಸ್ಕೂಲ್ ಓಟಗಾರ್ತಿ ನೂರ್ ಅಬುಕರಮ್ ಹಿಜಾಬ್ ಧರಿಸಿಯೇ ಐದು ಕಿಲೋಮೀಟರ್ ಓಡಿ ಮುಗಿಸಿದಳು. ಫಲಿತಾಂಶದ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ತಲೆವಸ್ತ್ರಕ್ಕೆ ಮುಂಚಿತವಾಗಿ ಅನುಮತಿ ಪತ್ರ ತಂದಿಲ್ಲ ಎಂಬ ಕಾರಣಕ್ಕೆ ಅನರ್ಹಗೊಳಿಸಿದ್ದರು. ಅವಳು ಸುಮ್ಮನೆ ಕೂರಲಿಲ್ಲ. ನೊಂದದ್ದನ್ನು ಬರೆದಳು, ಶಾಸಕರ ಮುಂದೆ ಹೋಗಿ ಹೇಳಿದಳು. 2022ರಲ್ಲಿ ಆ ರಾಜ್ಯದಲ್ಲಿ ಕಾಯ್ದೆಯೇ ಬಂತು. ಧಾರ್ಮಿಕ ಉಡುಪು ಧರಿಸಿ ಆಡಲು ಇನ್ನು ಯಾರ ಅನುಮತಿಯೂ ಬೇಡ. ಇವಳಿಗಿಂತ ಮುಂಚೆ ಮೆಂಫಿಸ್ ವಿಶ್ವವಿದ್ಯಾನಿಲಯದ ಪರ ಹಿಜಾಬ್ ಧರಿಸಿ ಬಾಸ್ಕೆಟ್‌ಬಾಲ್ ಆಡಿದ ಬಿಲ್ಕೀಸ್ ಅಬ್ದುಲ್ ಖಾದಿರ್, ಡ್ಯೂಕ್ ವಿಶ್ವವಿದ್ಯಾನಿಲಯದ ಪರ ಕತ್ತಿವರಸೆ ಆಡಿ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂಡದೊಂದಿಗೆ ಕಂಚು ಗೆದ್ದ ಇಬ್ತಿಹಾಜ್ ಮುಹಮ್ಮದ್ ದಾರಿ ಮಾಡಿಕೊಟ್ಟಿದ್ದರು. ಅಂತರ್‌ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ತಲೆವಸ್ತ್ರದ ನಿಷೇಧ ತೆಗೆದದ್ದು 2017ರಲ್ಲಿ. ಬಿಲ್ಕೀಸ್ ಅವರ ಆಟದ ಒಳ್ಳೆಯ ವರ್ಷಗಳು ಅಷ್ಟರಲ್ಲಿ ಕಳೆದುಹೋಗಿದ್ದವು. ನಿಯಮ ತಿದ್ದುವುದು ತಡವಾದರೆ ಆಗುವ ನಷ್ಟವನ್ನು ಯಾವ ಒಪ್ಪಂದವೂ ಹಿಂಬಾಕಿಯಾಗಿ ಕೊಡಲಾರದು.

ನಮ್ಮ ಮಕ್ಕಳಿಗೆ ಇದರಲ್ಲಿ ಏನುಂಟು?

ಭಾರತದವರಿಗೆ ಈ ದಾರಿ ಹೊಸತಲ್ಲ. ಮೈಸೂರಿನಲ್ಲಿ ಹುಟ್ಟಿ ಆರನೇ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋದ ವಿಕಾಸ್ ಗೌಡ ನಾರ್ತ್ ಕೆರೊಲಿನಾ ವಿಶ್ವವಿದ್ಯಾನಿಲಯದ ಪರ 2006ರಲ್ಲಿ ಡಿಸ್ಕಸ್ ಎಸೆತದ ಕಾಲೇಜು ಚಾಂಪಿಯನ್ ಆದರು. ಮುಂದೆ ಭಾರತಕ್ಕಾಗಿ ನಾಲ್ಕು ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ತಂದರು. ದಿಲ್ಲಿಯ ತೇಜಸ್ವಿನ್ ಶಂಕರ್ ಕನ್ಸಾಸ್ ಸ್ಟೇಟ್ ಪರ ಎತ್ತರ ಜಿಗಿತದಲ್ಲಿ 2018 ಮತ್ತು 2022ರಲ್ಲಿ ಕಾಲೇಜು ಚಾಂಪಿಯನ್. ಇಬ್ಬರೂ ‘ಹಣ ತರದ’ ಆಟದವರು ಎಂಬುದನ್ನು ಗಮನಿಸಿ. ಈಗ ಕತ್ತರಿ ಬೀಳುವ ಭಯ ಇರುವುದು ಇಂಥ ಆಟಗಳಿಗೇ. ಹೊರದೇಶದ ಮಕ್ಕಳು ಹೆಚ್ಚಾಗಿ ಜಾಗ ಪಡೆಯುವುದೂ ಟೆನಿಸ್, ಓಟ, ಈಜು, ಗಾಲ್ಫ್‌ನಂಥ ಆಟಗಳಲ್ಲೇ.

ಇನ್ನೊಂದು ತೊಡಕು ವೀಸಾದ್ದು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರು ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು ಎಂಬುದು ನಮ್ಮ ಎಂಎಸ್ ವಿದ್ಯಾರ್ಥಿಗಳಿಗೆ ಬಾಯಿಪಾಠ. ಅದೇ ನಿಯಮ ಆಟಗಾರರಿಗೂ ಉಂಟು. ಪಕ್ಕದ ಅಮೆರಿಕನ್ ಹುಡುಗ ಜಾಹೀರಾತಿನಲ್ಲಿ ಲಕ್ಷ ಎಣಿಸುವಾಗ ಹೊರದೇಶದವನು ಕೈಕಟ್ಟಿ ಕೂರಬೇಕು. ಕಾಂಗೊ ದೇಶದಿಂದ ಬಂದು ಕೆಂಟಕಿ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ತಾರೆಯಾದ ಆಸ್ಕರ್ ಷಿಬ್ವೆ 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಅಲ್ಲಿ ಜಾಹೀರಾತು ಕೆಲಸ ಮುಗಿಸಿಕೊಂಡರು, ಏಕೆಂದರೆ ಅಮೆರಿಕದ ನೆಲದ ಮೇಲೆ ಮಾಡಿದರೆ ವೀಸಾಕ್ಕೇ ಅಪಾಯ. ಹೊಸ ಒಪ್ಪಂದ ಈ ಗಂಟನ್ನು ಬಿಡಿಸಿಲ್ಲ. ‘ಅಲ್ಲಿ ಆಡಿದರೆ ಕೋಟಿ ಸಿಗುತ್ತದೆ’ ಎಂದು ಯಾರಾದರೂ ಏಜೆಂಟ್ ಹೇಳಿದರೆ ಮೊದಲು ವೀಸಾ ವಕೀಲರನ್ನು ಕೇಳಿ, ಆಮೇಲೆ ಉಳಿದ ಮಾತು.

ಮಗನನ್ನೋ ಮಗಳನ್ನೋ ಕ್ರೀಡಾ ಸ್ಕಾಲರ್‌ಶಿಪ್‌ನಲ್ಲಿ ಕಳುಹಿಸುವ ಆಸೆ ಇದ್ದರೆ ಕೆಲವು ವಿಷಯ ಮನಸ್ಸಲ್ಲಿ ಇರಲಿ. ಮೊದಲ ಮತ್ತು ಎರಡನೇ ವಿಭಾಗಕ್ಕೆ ಎನ್‌ಸಿಎಎಯ ಅರ್ಹತಾ ಕೇಂದ್ರದಲ್ಲಿ ನೋಂದಣಿ ಬೇಕು. ಹೈಸ್ಕೂಲ್ ಹಂತದಿಂದಲೇ ಗೊತ್ತುಪಡಿಸಿದ 16 ವಿಷಯಗಳ ಅಂಕಪಟ್ಟಿ ಬೇಕು. ಅಂದರೆ ಪಿಯುಸಿ ಮುಗಿದ ಮೇಲೆ ಯೋಚಿಸಿದರೆ ತಡವಾಯಿತು, ಎಂಟು-ಒಂಬತ್ತನೇ ತರಗತಿಯಲ್ಲೇ ಲೆಕ್ಕ ಹಾಕಬೇಕು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್ ಕಾಲೇಜುಗಳು ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಮನೆಯ ಆದಾಯ ನೋಡಿ ನೆರವು ಕೊಡುತ್ತವೆ. ಸ್ಕಾಲರ್‌ಶಿಪ್ ಪೂರ್ತಿಯೋ ಅರ್ಧವೋ, ಎಷ್ಟು ವರ್ಷಕ್ಕೆ, ಪೆಟ್ಟಾದರೆ ಮುಂದುವರಿಯುತ್ತದೆಯೋ ಎಂಬುದನ್ನು ಕಾಗದದಲ್ಲಿ ಕೇಳಿ ಪಡೆಯಿರಿ. ಕೋಚ್‌ನ ಬಾಯಿಮಾತು ಕೋಚ್ ಇರುವವರೆಗೆ ಮಾತ್ರ. ಇನ್ನು, ಆ ಆಟ ಆ ಕಾಲೇಜಿನಲ್ಲಿ ನಾಲ್ಕು ವರ್ಷ ಉಳಿಯುತ್ತದೆಯೋ ಎಂದೂ ಕೇಳಿ. ಹಿಂದೆ ಈ ಪ್ರಶ್ನೆ ಯಾರೂ ಕೇಳುತ್ತಿರಲಿಲ್ಲ. ಈಗ ಕೇಳಲೇಬೇಕು.

ಡಿಗ್ರಿಯೇ ಗಟ್ಟಿ

ಕಾಲೇಜು ಆಟಗಾರರಲ್ಲಿ ಮುಂದೆ ವೃತ್ತಿ ಆಟಗಾರರಾಗುವವರು ತೀರಾ ಕೆಲವರು. ಉಳಿದ ಲಕ್ಷಾಂತರ ಮಂದಿಗೆ ಆಟ ಇಪ್ಪತ್ತೆರಡನೇ ವಯಸ್ಸಿಗೇ ಮುಗಿಯುತ್ತದೆ. ಆಮೇಲೆ ಅವರ ಕೈಯಲ್ಲಿ ಉಳಿಯುವುದು ಡಿಗ್ರಿ ಮತ್ತು ಮಂಡಿ ನೋವು. 2018ರ ಅಕ್ಟೋಬರ್‌ನಲ್ಲಿ ಶುರುವಾದ ‘ಟ್ರಾನ್ಸ್‌ಫರ್ ಪೋರ್ಟಲ್’ನಿಂದಾಗಿ ಆಟಗಾರರು ಕಾಲೇಜು ಬದಲಿಸುವುದು ಈಗ ಸುಲಭ. ಒಳ್ಳೆಯ ಬೆಲೆ ಸಿಕ್ಕಲ್ಲಿಗೆ ಹೋಗುವ ಸ್ವಾತಂತ್ರ್ಯ ಕೋಚ್‌ಗೆ ಇದ್ದ ಮೇಲೆ ಹುಡುಗನಿಗೆ ಯಾಕೆ ಬೇಡ? ಆದರೆ ನಾಲ್ಕು ವರ್ಷದಲ್ಲಿ ಮೂರು ಕಾಲೇಜು ಸುತ್ತಿದವನ ಓದಿನ ಕಥೆ ಏನು ಎಂದು ಕೇಳುವವರು ಬೇಕು.

ರೇ ಡೆನಿಸನ್ ಸತ್ತು ಈ ಫಾಲ್‌ಗೆ 70 ವರ್ಷ. ಅವರ ಹೆಂಡತಿ ಕೇಳಿದ್ದ ಪ್ರಶ್ನೆ ಒಂದೇ: ನನ್ನ ಗಂಡ ಕಾಲೇಜಿಗಾಗಿ ಆಡಿ ಸತ್ತ, ಕಾಲೇಜಿಗೆ ಹೊಣೆ ಇಲ್ಲವೇ? ಹಣ ಹಂಚಲು ಒಪ್ಪಿದ ಮೇಲೂ ಆಟಗಾರ ನೌಕರನೋ ಅಲ್ಲವೋ ಎಂಬುದನ್ನು ಹೊಸ ಒಪ್ಪಂದ ತೀರ್ಮಾನಿಸಿಲ್ಲ. ಅಂದರೆ ಆ ವಿಧವೆಯ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ.

ಈ ಶನಿವಾರ ಅಲ್ಲಿರುವ ನಿಮ್ಮ ಮಗನೋ ಮಗಳೋ ಸ್ಟೇಡಿಯಂನಿಂದ ವಿಡಿಯೊ ಕಾಲ್ ಮಾಡಿ ‘ನೋಡಿ ಉಮ್ಮ, ಎಷ್ಟು ಜನ!’ ಅಂದರೆ ಸಂತೋಷಪಡಿ. ಮರುದಿನ ಅದೇ ಕ್ಯಾಂಪಸ್‌ನ ಈಜುಕೊಳದ ಕಡೆಗೂ, ಓಟದ ಮೈದಾನದ ಕಡೆಗೂ ಒಮ್ಮೆ ಹೋಗಿ ಬರಲು ಹೇಳಿ. ಅಲ್ಲಿ ಟಿಕೆಟ್ ಇಲ್ಲ, ಬ್ಯಾಂಡ್ ಇಲ್ಲ, ಟಿವಿ ಇಲ್ಲ. ಚಪ್ಪಾಳೆ ತಟ್ಟಲು ಹತ್ತು ಮಂದಿ ಇದ್ದರೆ ಹೆಚ್ಚು. ಹನ್ನೊಂದನೆಯವರಾಗಿ ನಮ್ಮ ಮಕ್ಕಳು ನಿಲ್ಲಲಿ.